ಆ್ಯಪ್‌ನಲ್ಲಿ ಗಾಳಿ ಕಮ್ಮಿ ಅಂತಿದ್ದರೆ ಆಲ್ಪ್ಸ್ ಬೆಟ್ಟದಿಂದ ಹ್ಯಾಂಗ್ ಗ್ಲೈಡರ್ ಹಾರಿಸಬಹುದಾ?

ಬೇರೆ ಓದುಗರಿಗೂ ಗೊತ್ತಾಗಲಿ ಅಂತ ನಿಮ್ಮ ಪ್ರಶ್ನೆಯನ್ನು ಮೊದಲು ಚಿಕ್ಕದಾಗಿ ಹೇಳುತ್ತೇನೆ. ನೀವು ಬೆಂಗಳೂರಿನಿಂದ ಮ್ಯೂನಿಕ್‌ಗೆ ಕೆಲಸಕ್ಕೆ ಬಂದವರು. ಇಲ್ಲೇ ಹ್ಯಾಂಗ್ ಗ್ಲೈಡಿಂಗ್ (ಕೊಳವೆ ಚೌಕಟ್ಟಿನ ರೆಕ್ಕೆಗೆ ತೂಗಿಕೊಂಡು ಹಾರುವುದು) ಕಲಿತು ಲೈಸೆನ್ಸ್ ತಗೊಂಡಿದ್ದೀರಿ. ಮೇಷ್ಟ್ರು ಜೊತೆಗಿಲ್ಲದೆ ಟೇಗಲ್‌ಬರ್ಗ್ ಬೆಟ್ಟದಿಂದ ಹಾರಬೇಕು ಅಂತ ಹೋದಿರಿ. ಅದರ ಬುಡದ ಶ್ವಾಂಗೌ ಊರಿಗೆ ಆ್ಯಪ್ ತೋರಿಸಿದ್ದು ಗಂಟೆಗೆ 6 ಕಿ.ಮೀ. ಗಾಳಿ, ಒಳ್ಳೆ ಬಿಸಿಲು. ಮೇಲೆ ಹೋಗಿ ನೋಡಿದರೆ ಯಾರೂ ಗ್ಲೈಡರ್ ಚೀಲದ ಜಿಪ್ ಕೂಡ ತೆಗೆದಿರಲಿಲ್ಲ. ಎಲ್ಲರೂ 'ಫ್ಯೋನ್ ಇದೆ' ಅಂದು ಕಾಫಿ ಕುಡಿಯುತ್ತಾ ಕೂತಿದ್ದರು. ಆ್ಯಪ್ ಸುಳ್ಳು ಹೇಳಿತಾ, ಇಲ್ಲ ಅವರು ಸುಮ್ನೆ ಹೆದರಿದರಾ ಅಂತ ಕೇಳಿದ್ದೀರಿ.

ಎರಡೂ ಅಲ್ಲ. ಆ್ಯಪ್ ಹೇಳಿದ್ದು ಊರಿನ ನೆಲದಿಂದ 10 ಮೀಟರ್ ಎತ್ತರದ ಗಾಳಿಯನ್ನು. ಮುನ್ಸೂಚನೆಯಲ್ಲಿ 'ಗಾಳಿ' ಅಂತ ಸುಮ್ಮನೆ ಬರೆದಿದ್ದರೆ ಅದು ಸಾಮಾನ್ಯವಾಗಿ ಅದೇ. ಟೇಗಲ್‌ಬರ್ಗ್‌ನ ಟೇಕಾಫ್ ಇರುವುದು ಸುಮಾರು 1,700 ಮೀಟರಿನಲ್ಲಿ, ಲ್ಯಾಂಡಿಂಗ್ ಸುಮಾರು 800ರಲ್ಲಿ. ಅಂದರೆ ನೀವು ಹಾರಬೇಕಿದ್ದ ಗಾಳಿಯ ಬಗ್ಗೆ ಆ ಅಂಕಿ ಏನನ್ನೂ ಹೇಳಿರಲಿಲ್ಲ. ಅದಕ್ಕೇ ನಾನು ಮುನ್ಸೂಚನೆಯನ್ನು ಮೇಲಿನಿಂದ ಕೆಳಕ್ಕೆ ಓದುತ್ತೇನೆ. ಮೊದಲು ಇಡೀ ಆಲ್ಪ್ಸ್ ಮೇಲಿನ ಒತ್ತಡ, ಆಮೇಲೆ ಶಿಖರಗಳ ಎತ್ತರದ ಗಾಳಿ, ಆಮೇಲೆ ಕಣಿವೆ. ಊರಿನ ಗಾಳಿ ಕಟ್ಟಕಡೆಗೆ.

ನಿಮ್ಮ ಆ ಶನಿವಾರ ಹಾಳಾಗಿದ್ದು ಫ್ಯೋನ್‌ನಿಂದ, ಅಂದರೆ ಬೆಟ್ಟ ದಾಟಿ ಇಳಿಯುವ ಬಿಸಿ ಒಣಗಾಳಿಯಿಂದ. ಹಾಗಾಗಿ ಅದನ್ನೇ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಉತ್ತರ ಆಲ್ಪ್ಸ್‌ನಲ್ಲಿ ಹಾರುವವರು ಬೇರೆ ಏನು ಕಲಿಯದಿದ್ದರೂ ಇದನ್ನು ಕಲಿಯಲೇಬೇಕು.

ಇಟಲಿಯ ಕಡೆ ಒತ್ತಡ ಜಾಸ್ತಿ, ಜರ್ಮನಿಯ ಕಡೆ ಕಮ್ಮಿ ಇದ್ದಾಗ ಗಾಳಿ ದಕ್ಷಿಣದಿಂದ ಬೆಟ್ಟ ಹತ್ತಿ ಈಚೆಗೆ ಇಳಿಯುತ್ತದೆ. ಹತ್ತುವಾಗ ಆ ಕಡೆ ಮೋಡ ಕಟ್ಟಿ, ಎಷ್ಟೋ ಸಲ ಮಳೆಯನ್ನೂ ಸುರಿಸುತ್ತದೆ. ಇಳಿಯುವಾಗ 100 ಮೀಟರಿಗೆ ಸುಮಾರು 1 ಡಿಗ್ರಿಯಂತೆ ಬಿಸಿಯಾಗುತ್ತಾ, ಒಣಗುತ್ತಾ ಬರುತ್ತದೆ. ಮುಂಗಾರಿನಲ್ಲಿ ಆಗುಂಬೆ ನೆನೆಯುತ್ತಿರುವಾಗ ಕಡೂರಿನಲ್ಲಿ ಒಣ ಗಾಳಿ ಬೀಸುವುದನ್ನು ನೀವು ನೋಡಿರಬಹುದು. ಇದೂ ಆ ಜಾತಿಯದೇ. ಆದರೆ ಇಲ್ಲಿ ಗಾಳಿ ದಾಟಿ ಬರುವ ಬೆಟ್ಟಸಾಲು 3,000 ಮೀಟರಿಗೂ ಜಾಸ್ತಿ. ಇಳಿಯುವ ರಭಸವೂ ಹಾಗೇ ಇರುತ್ತದೆ.

ಮೋಸ ಇರುವುದು ಇಲ್ಲೇ. ಫ್ಯೋನ್ ದಿನ ನೋಡಲು ಬಹಳ ಚಂದ. ಆಕಾಶ ನೀಲಿ, ದೂರದ ಶಿಖರ ಕೈಗೆ ಸಿಗುವ ಹಾಗೆ ಕಾಣುತ್ತದೆ. ಕಣಿವೆಯ ತಳದಲ್ಲಿ ರಾತ್ರಿಯ ತಣ್ಣನೆ ಗಾಳಿ ಇನ್ನೂ ಕೂತಿರುತ್ತದೆ. ಅದು ಭಾರ, ಬೇಗ ಜಾಗ ಬಿಡುವುದಿಲ್ಲ. ಮೇಲಿನ ಬಿಸಿಗಾಳಿ ಅದನ್ನು ಮುಟ್ಟದೆ ಜಾರಿಹೋಗುತ್ತದೆ. ಹೀಗಾಗಿ ಊರಿನಲ್ಲಿ ಎಲೆ ಅಲುಗುವುದಿಲ್ಲ, ಆ್ಯಪ್‌ನ 6 ಕಿ.ಮೀ. ಅಕ್ಷರಶಃ ನಿಜ, ಅದೇ ಹೊತ್ತಿಗೆ 2,000 ಮೀಟರಿನಲ್ಲಿ 60 ಇರಬಹುದು. ಬಿಸಿಲೇರಿದ ಮೇಲೆ ತಳದ ಆ ಪದರ ಕರಗಿದರೆ ಮೇಲಿನ ಗಾಳಿ ದಿಢೀರನೆ ನೆಲಕ್ಕೇ ಇಳಿಯುತ್ತದೆ. ಆಗ ನೀವು ಗಾಳಿಯಲ್ಲಿದ್ದರೆ ಇಳಿಯಲು ಒಳ್ಳೆಯ ಜಾಗವೇ ಉಳಿದಿರುವುದಿಲ್ಲ.

ಇದನ್ನು ಮನೆಯಲ್ಲೇ ಕೂತು ಪತ್ತೆ ಮಾಡಬಹುದು. ಬೆಟ್ಟಸಾಲಿನ ದಕ್ಷಿಣಕ್ಕೆ ಇಟಲಿಯ ಬೊಲ್ಜಾನೊ, ಉತ್ತರಕ್ಕೆ ಆಸ್ಟ್ರಿಯಾದ ಇನ್ಸ್‌ಬ್ರುಕ್, ಈ ಎರಡು ಊರುಗಳ ಒತ್ತಡ ನೋಡಿ. ಎರಡನ್ನೂ ಸಮುದ್ರಮಟ್ಟಕ್ಕೆ ಹೊಂದಿಸಿದ ಅಂಕಿಯಾಗಿರಬೇಕು. ಬೊಲ್ಜಾನೊದಲ್ಲಿ 1,019, ಇನ್ಸ್‌ಬ್ರುಕ್‌ನಲ್ಲಿ 1,014 ಹೆಕ್ಟೊಪ್ಯಾಸ್ಕಲ್ (ಒತ್ತಡದ ಅಳತೆ) ಇದ್ದರೆ ವ್ಯತ್ಯಾಸ 5, ದಕ್ಷಿಣ ಮೇಲು. ಪೈಲಟ್‌ಗಳ ರೂಢಿಯಲ್ಲಿ 4 ಅಂದರೆ ಕೆಂಪು ದೀಪ. ನಾನು 2 ದಾಟಿದ ಕೂಡಲೇ ಅನುಮಾನ ಶುರು ಮಾಡುತ್ತೇನೆ. 4 ಆದರೆ ರೈಲಿನ ಟಿಕೆಟ್ಟೇ ತಗೊಳ್ಳುವುದಿಲ್ಲ. ಅಂಕಿಗಿಂತ ಅದು ಯಾವ ಕಡೆ ಓಡುತ್ತಿದೆ ಅನ್ನುವುದು ಮುಖ್ಯ. ಬೆಳಗ್ಗೆ 3 ಇದ್ದು ಮಧ್ಯಾಹ್ನಕ್ಕೆ 1ಕ್ಕೆ ಇಳಿಯುವ ದಿನಕ್ಕಿಂತ, 1ರಿಂದ 3ಕ್ಕೆ ಏರುವ ದಿನ ಅಪಾಯ.

ಒತ್ತಡ ನೋಡಿದ ಮೇಲೆ ಬೆಟ್ಟದ ತುದಿಯ ಅಳತೆಗಳನ್ನು ನೋಡಿ. ಇದು ಮುನ್ಸೂಚನೆ ಅಲ್ಲ, ಈಗ ನಿಜವಾಗಿ ಬೀಸುತ್ತಿರುವ ಗಾಳಿ. ಇನ್ಸ್‌ಬ್ರುಕ್‌ನ ಪಕ್ಕದ ಪಾಚರ್‌ಕೋಫೆಲ್ 2,246 ಮೀಟರ್. ಬ್ರೆನರ್ ಕಣಿವೆದಾರಿ ಸುಮಾರು 1,370 ಮೀಟರಿನಲ್ಲೇ ಇರುವುದರಿಂದ ದಕ್ಷಿಣದ ಗಾಳಿ ಮೊದಲು ನುಗ್ಗುವುದು ಆ ಸಂದಿಯಲ್ಲಿ. ಪಾಚರ್‌ಕೋಫೆಲ್ ಅದರ ಬಾಯಲ್ಲೇ ನಿಂತಿದೆ. ಹಾಗಾಗಿ ಅಲ್ಲಿ ಬೇರೆ ಕಡೆಗಿಂತ ಬೇಗ, ಜೋರಾಗಿ ಗಾಳಿ ಕಾಣುತ್ತದೆ. ನಿಮ್ಮ ಕಡೆಗೆ ತ್ಸೂಗ್‌ಶ್ಪಿಟ್ಸೆ, 2,962 ಮೀಟರ್. ಪೂರ್ವಕ್ಕೆ ಹೋಗುವುದಾದರೆ ವೆಂಡಲ್‌ಸ್ಟೈನ್, 1,838 ಮೀಟರ್. ಇವೆಲ್ಲ ದಕ್ಷಿಣ ಅಂತ ತೋರಿಸುತ್ತಿದ್ದರೆ ಟೇಗಲ್‌ಬರ್ಗ್‌ನಲ್ಲಿ ಗಾಳಿಯ ದಿಕ್ಕು ತೋರಿಸುವ ಗಾಳಿಚೀಲ ಎಷ್ಟೇ ಚಂದ ತೂಗಲಿ, ನನಗೆ ಅದು ಬೇಡ.

ಯಾಕೆ ಅಂದರೆ ಅಲ್ಲಿ ನಾವು ಹಾರುವುದು ಉತ್ತರದ ಬಯಲಿನ ಕಡೆಗೆ. ದಕ್ಷಿಣದ ಗಾಳಿ ಬೆನ್ನ ಹಿಂದಿನಿಂದ ಬೆಟ್ಟ ದಾಟಿ ಬರುತ್ತದೆ. ಹೊಳೆಯಲ್ಲಿ ಬಂಡೆಯ ಹಿಂದೆ ನೀರು ಸುತ್ತಿ ವಾಪಸ್ ಬರುತ್ತದಲ್ಲ, ಗಾಳಿಯೂ ಹಾಗೇ ಸುತ್ತುತ್ತದೆ. ಅದನ್ನೇ ರೋಟರ್ ಅನ್ನುವುದು. ಆ ಸುತ್ತಿನ ಕೆಳಭಾಗ ಟೇಕಾಫ್‌ಗೆ ಮುಂದಿನಿಂದ ಬರುತ್ತದೆ! ಮುಖಕ್ಕೆ ಹಿತವಾಗಿ 15 ಕಿ.ಮೀ. ಗಾಳಿ ಬಡಿಯುತ್ತಿದೆ ಅಂತ ನೀವು ಓಡಿ ಹಾರುತ್ತೀರಿ, ಮುಂದಿನ 50 ಮೀಟರಿನಲ್ಲಿ ರೋಟರಿನ ಒಳಗಿರುತ್ತೀರಿ. ಪ್ಯಾರಾಗ್ಲೈಡರ್ ಬರೀ ಬಟ್ಟೆಯ ರೆಕ್ಕೆ, ಮಡಚಿಕೊಂಡರೂ ಎತ್ತರ ಇದ್ದರೆ ಎಷ್ಟೋ ಸಲ ಮತ್ತೆ ಬಿಚ್ಚಿಕೊಳ್ಳುತ್ತದೆ. ಹ್ಯಾಂಗ್ ಗ್ಲೈಡರ್ ಮಡಚುವುದಿಲ್ಲ, ನಿಜ. ಆದರೆ ಮೂಗು ಕೆಳಗಾಗಿ ಪಲ್ಟಿ ಹೊಡೆದರೆ ಕೊಳವೆ ಮುರಿಯುತ್ತದೆ. ಆಮೇಲೆ ಉಳಿಯುವುದು ಪ್ಯಾರಾಶೂಟ್ ಒಂದೇ.

ಫ್ಯೋನ್ ಇಲ್ಲದ ದಿನ ಮುಂದಿನ ಹೆಜ್ಜೆ ಎತ್ತರದ ಗಾಳಿ. ಆ್ಯಪ್‌ಗಳಲ್ಲಿ 850 ಮತ್ತು 700 ಹೆಕ್ಟೊಪ್ಯಾಸ್ಕಲ್ ಅಂತ ಎರಡು ಪದರ ಸಿಗುತ್ತವೆ. ಮೊದಲನೆಯದು ಹೆಚ್ಚುಕಮ್ಮಿ 1,500 ಮೀಟರ್, ಎರಡನೆಯದು 3,000 ಮೀಟರ್. ಹೊಸಬರಿಗೆ ನಾನು ಹೇಳುವ ಮಿತಿ: 850ರಲ್ಲಿ 20 ಕಿ.ಮೀ., 700ರಲ್ಲಿ 30 ಕಿ.ಮೀ. ಇದು ನನ್ನ ಲೆಕ್ಕ, ಯಾವ ಕಾನೂನೂ ಅಲ್ಲ. ಗಾಳಿಯ ಬಲ ವೇಗದ ವರ್ಗಕ್ಕೆ ತಕ್ಕ ಹಾಗೆ ಏರುತ್ತದೆ ಅನ್ನುವುದು ನೆನಪಿರಲಿ. 15ರ ಗಾಳಿ 30 ಆದರೆ ಬಲ ಎರಡು ಪಟ್ಟಲ್ಲ, ನಾಲ್ಕು ಪಟ್ಟು. ಎರಡು ಪದರಗಳ ನಡುವೆ ದಿಕ್ಕು ಪೂರ್ತಿ ಬೇರೆ ಇದ್ದರೂ ಹುಷಾರು. ಎಲ್ಲೋ ನಡುವೆ ಎರಡು ಗಾಳಿ ಒಂದಕ್ಕೊಂದು ಉಜ್ಜುತ್ತಿರುತ್ತವೆ, ಅಲ್ಲಿ ಗ್ಲೈಡರ್ ಕುಣಿಯುತ್ತದೆ.

ಯಾವ ಮಾಡೆಲ್ (ಮುನ್ಸೂಚನೆಯ ಕಂಪ್ಯೂಟರ್ ಲೆಕ್ಕ) ನೋಡಬೇಕು ಅನ್ನುವುದು ಇನ್ನೊಂದು ವಿಷಯ. ಮಾಡೆಲ್ ನೆಲವನ್ನು ಚೌಕಗಳಾಗಿ ಹಂಚಿ ಲೆಕ್ಕ ಹಾಕುತ್ತದೆ. ಯುರೋಪಿನ ಇಸಿಎಂಡಬ್ಲ್ಯುಎಫ್ ಮಾಡೆಲ್‌ನ ಚೌಕ ಸುಮಾರು 9 ಕಿ.ಮೀ. ಇನ್ಸ್‌ಬ್ರುಕ್ ಹತ್ತಿರ ಇನ್ ಕಣಿವೆಯ ತಳ ಅದಕ್ಕಿಂತ ಕಿರಿದು. ಅಂದರೆ ಆ ಮಾಡೆಲ್‌ಗೆ ಕಣಿವೆ ಸರಿಯಾಗಿ ಕಾಣುವುದೇ ಇಲ್ಲ, ಬೆಟ್ಟಗಳೂ ನುಣ್ಣಗೆ ತಗ್ಗಿಹೋಗಿರುತ್ತವೆ. ವಾರದ ಕೊನೆಗೆ ಏನಾಗಬಹುದು, ಫ್ರಂಟ್ (ಬಿಸಿ, ತಣ್ಣನೆ ಗಾಳಿಗಳ ನಡುವಿನ ಗಡಿ) ಯಾವಾಗ ಬರಬಹುದು ಅಂತ ಬುಧವಾರ ನೋಡಲು ಅದು ಒಳ್ಳೆಯದು. ಹಿಂದಿನ ಸಂಜೆಗೆ ಮಾತ್ರ ಜರ್ಮನ್ ಹವಾಮಾನ ಇಲಾಖೆಯ ಐಕಾನ್-ಡಿ2 ನೋಡಿ. ಅದರ ಚೌಕ ಸುಮಾರು 2 ಕಿ.ಮೀ., ಮೂರು ಗಂಟೆಗೊಮ್ಮೆ ಹೊಸ ಲೆಕ್ಕ, ಮುಂದಿನ 48 ಗಂಟೆಗೆ. ಫ್ರಾನ್ಸಿನ ಅರೋಮ್ ಇನ್ನೂ ಸಣ್ಣದು, 1.3 ಕಿ.ಮೀ. ಈ ಎರಡೂ ಒಂದೇ ಮಾತು ಹೇಳಿದರೆ ನಂಬಿಕೆ ಜಾಸ್ತಿ. ಒಂದು 10, ಇನ್ನೊಂದು 30 ಅಂದರೆ ನಡುವಿನ 20 ಹಿಡಿಯಬೇಡಿ. 30 ಅಂತಲೇ ಇಟ್ಟುಕೊಳ್ಳಿ. ನಮಗೆ ಇಷ್ಟವಾದ ಅಂಕಿ ಸಿಗುವವರೆಗೆ ಆ್ಯಪ್ ಬದಲಾಯಿಸುವ ಚಾಳಿ ಎಲ್ಲರಿಗೂ ಇದೆ, ಅಲ್ವಾ?

ಕಣಿವೆ ಗಾಳಿ ಬೇರೆಯದೇ ಆಟ. ಬಿಸಿಲಿಗೆ ಬೆಟ್ಟಗಳ ನಡುವಿನ ಗಾಳಿ ಬಯಲಿಗಿಂತ ಬೇಗ ಕಾಯುತ್ತದೆ, ಬಯಲಿನ ಗಾಳಿ ಕಣಿವೆಯೊಳಗೆ ನುಗ್ಗುತ್ತದೆ. ಮಧ್ಯಾಹ್ನದಿಂದ ಸಂಜೆಯವರೆಗೆ ಜೋರು. ಟೇಗಲ್‌ಬರ್ಗ್ ಬಯಲಿನ ಅಂಚಿನಲ್ಲಿರುವುದರಿಂದ ಅಲ್ಲಿ ಇದರ ಕಾಟ ಕಮ್ಮಿ. ಮುಂದೆ ಆಸ್ಟ್ರಿಯಾದ ಗ್ರೈಫನ್‌ಬುರ್ಗ್‌ಗೆ ಹೋಗುತ್ತೀರಿ, ಹ್ಯಾಂಗ್ ಗ್ಲೈಡರ್‌ನವರು ಯಾರೂ ಅದನ್ನು ಬಿಡುವುದಿಲ್ಲ. ಅಲ್ಲಿ ಡ್ರಾವ್ ಕಣಿವೆಯಲ್ಲಿ ಮಧ್ಯಾಹ್ನ ಇಳಿಯುವಾಗ ಇದು ಗೊತ್ತಾಗುತ್ತದೆ. ಹೊಸಬರು ಬೆಳಗ್ಗೆ ಹಾರಿ ಬೇಗ ಇಳಿಯಲಿ, ಇಲ್ಲ ಸಂಜೆ ಗಾಳಿ ಸತ್ತ ಮೇಲೆ ಹಾರಲಿ.

ಥರ್ಮಲ್, ಅಂದರೆ ಬಿಸಿಲಿಗೆ ಕಾದು ಮೇಲೇರುವ ಗಾಳಿಯ ಬಗ್ಗೆ ಎರಡೇ ಮಾತು. ಎತ್ತರಕ್ಕೆ ಹೋದಂತೆ ಉಷ್ಣಾಂಶ 100 ಮೀಟರಿಗೆ 0.7 ಡಿಗ್ರಿಯ ಸುತ್ತಮುತ್ತ ಇಳಿಯುತ್ತಿದ್ದರೆ ಹಿತವಾದ ದಿನ, 0.9 ದಾಟಿದರೆ ಒರಟು. ಮೋಡದ ತಳ ಲೆಕ್ಕ ಹಾಕಲು ನೆಲದ ಉಷ್ಣಾಂಶದಿಂದ ಇಬ್ಬನಿ ಬಿಂದು (ಗಾಳಿಯ ತೇವ ಹನಿಗಟ್ಟುವ ಉಷ್ಣಾಂಶ) ಕಳೆದು 125ರಿಂದ ಗುಣಿಸಿ. 24 ಮತ್ತು 10 ಇದ್ದರೆ 14 ಗುಣಿಸು 125, ಅಂದರೆ ನೆಲದಿಂದ 1,750 ಮೀಟರ್. ಶ್ವಾಂಗೌನ 800 ಸೇರಿಸಿದರೆ 2,550. ಬೆಟ್ಟದ ತುದಿ 1,881 ಮೀಟರ್, ಹಾಗಾಗಿ ಮೋಡ ತಲೆಗೆ ತಾಗುವುದಿಲ್ಲ.

ಗುಡುಗು ಮಳೆಯ ಸಾಧ್ಯತೆ ಇದೆ ಅಂತ ಬರೆದಿದ್ದರೆ, ಅದು ಸಂಜೆಗೆ ಅಂತಿದ್ದರೂ, ಮಧ್ಯಾಹ್ನದೊಳಗೆ ನೆಲದ ಮೇಲಿರಿ. ಮಳೆಗಿಂತ ಎಷ್ಟೋ ಮುಂಚೆ ಅದರ ಗಾಳಿ ಬಂದು ಬಡಿಯುತ್ತದೆ. 2007ರಲ್ಲಿ ಆಸ್ಟ್ರೇಲಿಯಾದಲ್ಲಿ ಜರ್ಮನಿಯ ಪ್ಯಾರಾಗ್ಲೈಡರ್ ಪೈಲಟ್ ಎವಾ ವಿಸ್ನಿಯರ್ಸ್ಕಾ ಅವರನ್ನು ಇಂಥ ಮೋಡ 9,946 ಮೀಟರಿನವರೆಗೆ ಎಳೆದೊಯ್ದಿತ್ತು. ಅವರು ಬದುಕಿದ್ದು ಪವಾಡ. ಬೆಳಗ್ಗೆಯೇ ಮಧ್ಯ ಎತ್ತರದಲ್ಲಿ ಸಾಲಾಗಿ ಸಣ್ಣ ಸಣ್ಣ ಗೋಪುರದಂಥ ಮೋಡ ಕಂಡರೆ ಆ ದಿನ ಬೆಟ್ಟದಲ್ಲಿ ನಡೆದಾಡಿ ಬನ್ನಿ.

ಇಷ್ಟೆಲ್ಲ ಓದಿದ ಮೇಲೆ ರೋಪ್‌ವೇ ಹತ್ತುವ ಮುಂಚೆ ಫೋನಿನಲ್ಲಿ ಎರಡು ಸಾಲು ಬರೆದುಕೊಳ್ಳಿ. ಉದಾಹರಣೆಗೆ: '11 ಗಂಟೆಗೆ ಟೇಕಾಫ್‌ನಲ್ಲಿ ಉತ್ತರ 10, ಮೋಡ ಪಶ್ಚಿಮದಿಂದ ನಿಧಾನ. 2ರ ಹೊತ್ತಿಗೆ ಗಾಳಿ ಸ್ವಲ್ಪ ಜೋರು.' ಮೇಲೆ ಹೋಗಿ ಇದನ್ನೇ ಪರೀಕ್ಷಿಸಿ. ಮೋಡದ ನೆರಳು ಬಯಲಿನ ಮೇಲೆ ಎಷ್ಟು ಬೇಗ ಓಡುತ್ತಿದೆ? ಕೆಳಗೆ ಫೋರ್ಗೆನ್‌ಸೇ ಕೆರೆಯ ನೀರು ಯಾವ ದಡದಲ್ಲಿ ನುಣ್ಣಗಿದೆ, ಎಲ್ಲಿ ಬಿಳಿ ನೊರೆ? (ಚಳಿಗಾಲದಲ್ಲಿ ಆ ಕೆರೆ ಖಾಲಿ ಮಾಡುತ್ತಾರೆ, ಆಗ ಹೊಗೆ, ಬಾವುಟ ನೋಡಿ.) ಬವೇರಿಯಾದ ದೊಡ್ಡ ಕೆರೆಗಳ ದಡದಲ್ಲಿ ದೋಣಿಯವರಿಗೆ ಅಂತ ಕಿತ್ತಳೆ ದೀಪ ಇರುತ್ತದೆ. ನಿಮಿಷಕ್ಕೆ 40 ಸಲ ಮಿನುಗಿದರೆ ಎಚ್ಚರಿಕೆ, 90 ಸಲ ಆದರೆ ಬಿರುಗಾಳಿ. ಬೆಟ್ಟದ ಮೇಲಿನಿಂದಲೂ ಎಷ್ಟೋ ಸಲ ಕಾಣುತ್ತದೆ, ಪುಕ್ಕಟೆ ಮುನ್ಸೂಚನೆ.

ಗಾಳಿಚೀಲವನ್ನು ಕಮ್ಮಿ ಅಂದರೂ 20 ನಿಮಿಷ ನೋಡಿ. ಗಾಳಿ ಏರಿ ಇಳಿದು ಮತ್ತೆ ಏರಿದರೂ ದಿಕ್ಕು ಅದೇ ಇದ್ದರೆ ಅದು ಥರ್ಮಲ್‌ನ ಉಸಿರು. ನಡುನಡುವೆ ಚೀಲ ಪೂರ್ತಿ ತಿರುಗಿ ಹಿಂದಿನಿಂದ ಹೊಡೆದರೆ ಮೇಲೆ ಬೇರೆ ಗಾಳಿ ಇರಬಹುದು. ನೀವು ಬರೆದುಕೊಂಡಿದ್ದಕ್ಕೂ ಕಾಣುವುದಕ್ಕೂ ತಾಳೆ ಆಗದೆ, ಯಾಕೆ ಅಂತಲೂ ಹೇಳಲು ಬಾರದಿದ್ದರೆ ರೆಕ್ಕೆ ಮಡಚಿ. ಗಾಳಿ ಮುನ್ಸೂಚನೆಗಿಂತ ಕಮ್ಮಿ ಇದ್ದರೂ ಇದೇ ಮಾತು. ಕಮ್ಮಿ ಇರುವುದಕ್ಕೂ ಒಂದು ಕಾರಣ ಇರುತ್ತದೆ.

ಅಂದಹಾಗೆ, ಗಾಳಿ ಕಮ್ಮಿ ಅಂದರೆ ಸುಲಭ ಅಂತಲ್ಲ. ಗ್ಲೈಡರ್ ಎತ್ತಲು ಗಾಳಿಗೆ ಎದುರಾಗಿ ಗಂಟೆಗೆ ಸುಮಾರು 30 ಕಿ.ಮೀ. ಬೇಕು. ಎದುರಿನಿಂದ 10 ಬೀಸುತ್ತಿದ್ದರೆ ನೀವು ಓಡಬೇಕಾದ್ದು 20. ಹಿಂದಿನಿಂದ 5 ಬಂದರೆ 35. ಹೆಗಲ ಮೇಲೆ 30 ಕಿಲೋ ಹೊತ್ತು ಯಾರು ಓಡುತ್ತಾರೆ? ಪ್ಯಾರಾಗ್ಲೈಡರ್‌ನವರು ಆರಾಮಾಗಿ ಹೋಗುತ್ತಿದ್ದಾರೆ ಅಂತ ಅವರ ಹಿಂದೆ ರ‍್ಯಾಂಪ್ ಹತ್ತಬೇಡಿ. ಅವರು ಜೋರು ಗಾಳಿ ಅಂತ ಕೂತಿರುವಾಗ ನಮಗೆ ಹಾರುವ ಹಾಗಿರುವ ದಿನಗಳೂ ಇವೆ, ನಮ್ಮ ವೇಗ ಜಾಸ್ತಿ. ಅವರನ್ನು ನೋಡಿ ನಮ್ಮ ತೀರ್ಮಾನ ಮಾಡುವುದು ಎರಡು ಕಡೆಯಿಂದಲೂ ತಪ್ಪು. ಆವತ್ತು ಕಾಫಿ ಕುಡಿಯುತ್ತಿದ್ದವರ ಪಕ್ಕದಲ್ಲಿ ಕೂತು ಮಾತಾಡಿಸಿ. ಆ ಬೆಟ್ಟದ ಬಗ್ಗೆ ಅವರಿಗೆ ಗೊತ್ತಿರುವುದು ಯಾವ ಮಾಡೆಲ್‌ಗೂ ಗೊತ್ತಿಲ್ಲ, ಮತ್ತು ಕೇಳಿದರೆ ಖುಷಿಯಿಂದ ಹೇಳುತ್ತಾರೆ.

ದುಡ್ಡು ಕೊಟ್ಟು ಆ್ಯಪ್ ತಗೋಬೇಕಾ ಅಂತಲೂ ಕೇಳಿದ್ದೀರಿ. ಮೊದಲ ವರ್ಷ ಬೇಡ. ವಿಂಡಿ ಅನ್ನುವ ಆ್ಯಪ್‌ನಲ್ಲಿ ಐಕಾನ್-ಡಿ2, ಅರೋಮ್ ಎರಡೂ ಇವೆ, ಎತ್ತರ ಬದಲಾಯಿಸಿ ನೋಡಬಹುದು. ಒತ್ತಡದ ವ್ಯತ್ಯಾಸದ ನಕ್ಷೆ 'ಫ್ಯೋನ್ ಡಯಾಗ್ರಾಮ್' ಅಂತ ಹುಡುಕಿದರೆ ಸಿಗುತ್ತದೆ. ಹಾರದ ದಿನಗಳಲ್ಲೂ ಬೆಳಗ್ಗೆ ಮುನ್ಸೂಚನೆ ಓದಿ, ಸಂಜೆ ತ್ಸೂಗ್‌ಶ್ಪಿಟ್ಸೆಯ ನಿಜವಾದ ಗಾಳಿಯ ಜೊತೆ ಹೋಲಿಸಿ. ಆಫೀಸಿನಲ್ಲಿ ಕೂತೇ ಮಾಡಬಹುದಾದ ಅಭ್ಯಾಸ ಅದು.