ಗಿಟಾರ್ ತಂತಿಯ ಲೋಹ ಮತ್ತು ನಾದ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನನ್ನ ಎಲೆಕ್ಟ್ರಿಕ್ ಗಿಟಾರಿಗೆ ಇದುವರೆಗೆ ನಿಕ್ಕಲ್ ಲೇಪದ ಉಕ್ಕಿನ ತಂತಿಗಳನ್ನು ಹಾಕುತ್ತಿದ್ದೆ. ಶುದ್ಧ ನಿಕ್ಕಲ್ ತಂತಿಗಳ ನಾದ ಹೆಚ್ಚು ಮೃದು ಎಂದು ಕೇಳಿ ಈಚೆಗೆ ಅವನ್ನು ಹಾಕಿದೆ. ದಪ್ಪ ತಂತಿಗಳಲ್ಲಿ ವ್ಯತ್ಯಾಸ ತಿಳಿಯಿತು, ತೆಳ್ಳಗಿನವುಗಳಲ್ಲಿ ಏನೂ ಕೇಳಿಸಲಿಲ್ಲ. ಇದು ನನ್ನ ಕಿವಿಯ ದೋಷವೇ?

ಉತ್ತರ: ನಿಮ್ಮ ಕಿವಿ ಸರಿಯಾಗಿಯೇ ಇದೆ. ಸಾಮಾನ್ಯವಾಗಿ ಸಿಗುವ ಆರು ತಂತಿಗಳ ಸೆಟ್‌ನಲ್ಲಿ ತೆಳ್ಳಗಿನ ಮೂರು ತಂತಿಗಳಿಗೆ ಸುತ್ತು (ಒಳತಂತಿಯ ಮೇಲೆ ಉದ್ದಕ್ಕೂ ಸುತ್ತಿರುವ ಇನ್ನೊಂದು ತಂತಿ) ಇರುವುದೇ ಇಲ್ಲ. ಪೊಟ್ಟಣದ ಮೇಲೆ ನಿಕ್ಕಲ್ ಎಂದಿರಲಿ, ಸ್ಟೇನ್‌ಲೆಸ್ ಎಂದಿರಲಿ, ಒಳಗಿರುವ ಆ ಮೂರೂ ಬಹುಮಟ್ಟಿಗೆ ತವರದ ಲೇಪ ಕೊಟ್ಟ, ಇಂಗಾಲದ ಅಂಶ ಹೆಚ್ಚಿರುವ ಉಕ್ಕಿನ ತಂತಿಗಳು. ಲೋಹದ ಹೆಸರು ಅನ್ವಯಿಸುವುದು ದಪ್ಪಗಿನ ಮೂರಕ್ಕೆ, ಅದೂ ಅವುಗಳ ಹೊರಸುತ್ತಿಗೆ ಮಾತ್ರ. ಅವುಗಳ ಒಳತಂತಿ ಕೂಡ ಉಕ್ಕಿನದೇ.

ಹೊರಸುತ್ತು ನಾದವನ್ನು ಎರಡು ದಾರಿಗಳಲ್ಲಿ ಬದಲಿಸುತ್ತದೆ. ಮೊದಲನೆಯದು ತಂತಿಯ ಕಂಪನಕ್ಕೇ ಸೇರಿದ್ದು: ಸುತ್ತಿನ ತೂಕ, ಗಡಸುತನ ಮತ್ತು ಅದು ಒಳತಂತಿಯನ್ನು ಎಷ್ಟು ಬಿಗಿಯಾಗಿ ಅಪ್ಪಿಕೊಂಡಿದೆ ಎಂಬುದರ ಮೇಲೆ, ಮೀಟಿದಾಗ ಮೂಲಸ್ವರದ ಜೊತೆ ಹುಟ್ಟುವ ಮೇಲಿನ ಹಾರ್ಮೋನಿಕ್‌ಗಳು ಎಷ್ಟು ಹೊತ್ತು ಉಳಿಯುತ್ತವೆ ಎಂಬುದು ನಿರ್ಧಾರವಾಗುತ್ತದೆ. ಎರಡನೆಯದು ಅಕೌಸ್ಟಿಕ್ ಗಿಟಾರಿಗೆ ಇಲ್ಲದ, ಎಲೆಕ್ಟ್ರಿಕ್ ಗಿಟಾರಿಗೆ ಮಾತ್ರ ಸಂಬಂಧಿಸಿದ ದಾರಿ. ಪಿಕಪ್ ಎಂದರೆ ಅಯಸ್ಕಾಂತವೊಂದರ ಸುತ್ತ ಸುತ್ತಿದ ತಾಮ್ರದ ಸುರುಳಿ. ಅದು ಗಾಳಿಯಲ್ಲಿನ ಶಬ್ದವನ್ನು ಗ್ರಹಿಸುವುದಿಲ್ಲ, ತನ್ನ ಕಾಂತಕ್ಷೇತ್ರದೊಳಗೆ ಅಲುಗಾಡುವ ಲೋಹವನ್ನು ಗ್ರಹಿಸುತ್ತದೆ. ಉಕ್ಕಿನಂತೆ ನಿಕ್ಕಲ್ ಕೂಡ ಅಯಸ್ಕಾಂತಕ್ಕೆ ಸ್ಪಂದಿಸುವ ಲೋಹವೇ ಆದರೂ ಆ ಸ್ಪಂದನ ಉಕ್ಕಿನಷ್ಟು ಬಲವಾದುದಲ್ಲ. ಆದ್ದರಿಂದ ಶುದ್ಧ ನಿಕ್ಕಲ್ ಸುತ್ತಿದ ತಂತಿ ಸುರುಳಿಯಲ್ಲಿ ತುಸು ಕಡಿಮೆ ಸಂಕೇತವನ್ನು ಹುಟ್ಟಿಸುತ್ತದೆ, ಮೀಟಿನ ಮೊನೆಯೂ ಅಷ್ಟು ಮುಂದಕ್ಕೆ ಬರುವುದಿಲ್ಲ. ನೀವು ಮೊದಲು ಬಳಸುತ್ತಿದ್ದ ತಂತಿಯ ಸುತ್ತು ಉಕ್ಕಿನದು. ಅದರ ಮೇಲಿನ ನಿಕ್ಕಲ್ ಸುಮಾರು ಶೇಕಡಾ 8ರಷ್ಟು ಮಾತ್ರ. ಕೈಗೆ ನುಣುಪು ಕೊಡುವುದು ಆ ಲೇಪ, ಪಿಕಪ್ಪಿಗೆ ಕಾಣುವುದು ಅದರಡಿಯ ಉಕ್ಕು.

ಎಲೆಕ್ಟ್ರಿಕ್ ಗಿಟಾರಿನ ಮೊದಲ ದಶಕಗಳಲ್ಲಿ ಶುದ್ಧ ನಿಕ್ಕಲ್ ಸುತ್ತೇ ವ್ಯಾಪಕವಾಗಿತ್ತು. ಆ ಲೋಹ ದುಬಾರಿಯಾದಂತೆ ತಯಾರಕರು ಲೇಪದ ಉಕ್ಕಿನ ಕಡೆಗೆ ತಿರುಗಿದರು. ಹಳೆಯ ಕಾಲದ ನಾದ ಬೇಕೆನ್ನುವವರು ಇಂದಿಗೂ ಶುದ್ಧ ನಿಕ್ಕಲ್ ಹುಡುಕುವುದು ಈ ಕಾರಣಕ್ಕೆ. ಆದರೆ ಆ ಹೊಗಳಿಕೆಯ ಒಂದು ಪಾಲು ಒಳತಂತಿಗೆ ಸಲ್ಲಬೇಕೆಂದು ನನಗನ್ನಿಸುತ್ತದೆ. ಇಂದಿನ ಬಹುತೇಕ ತಂತಿಗಳ ಒಳತಂತಿ ಆರು ಮೂಲೆಗಳದ್ದು. ಅದರ ಅಂಚುಗಳು ಸುತ್ತನ್ನು ಕಚ್ಚಿ ಹಿಡಿಯುತ್ತವೆ. ಹಳೆಯ ಮಾದರಿಯದೆಂದು ಮಾರಾಟವಾಗುವ ಕೆಲವು ಶುದ್ಧ ನಿಕ್ಕಲ್ ಸೆಟ್‌ಗಳಲ್ಲಿ ದುಂಡನೆಯ ಒಳತಂತಿ ಇರುತ್ತದೆ. ಅದು ಬೆರಳಿಗೆ ಹೆಚ್ಚು ಬಾಗುತ್ತದೆ, ನಾದವೂ ಬೇರೆಯಾಗುತ್ತದೆ. ಎರಡೂ ಒಟ್ಟಿಗೆ ಬದಲಾದಾಗ ವ್ಯತ್ಯಾಸವನ್ನೆಲ್ಲ ನಿಕ್ಕಲ್ಲಿನ ಲೆಕ್ಕಕ್ಕೆ ಬರೆಯುವುದು ಸರಿಯಲ್ಲ. (ದುಂಡು ಒಳತಂತಿಯದನ್ನು ಕತ್ತರಿಸುವ ಮೊದಲು ತುದಿಯನ್ನು ಚೂಪಾಗಿ ಮಡಚಿಕೊಳ್ಳಿ, ಇಲ್ಲದಿದ್ದರೆ ಸುತ್ತು ಸಡಿಲಗೊಂಡು ತಂತಿಯೇ ಸತ್ತಂತಾಗುತ್ತದೆ.)

ಇನ್ನೊಂದು ಮಾತು. ತಿಂಗಳುಗಟ್ಟಲೆ ನುಡಿಸಿದ ಸೆಟ್ ತೆಗೆದು ಹೊಸತನ್ನು ಹಾಕಿದಾಗ ಕೇಳುವ ವ್ಯತ್ಯಾಸ ಲೋಹದ್ದಲ್ಲ, ವಯಸ್ಸಿನದು. ಬೆವರು, ಎಣ್ಣೆ, ಚರ್ಮದ ಪುಡಿ ಸುತ್ತುಗಳ ಸಂದಿಯಲ್ಲಿ ಸೇರಿಕೊಂಡು ತಂತಿಯ ತೂಕವನ್ನು ಅಲ್ಲಲ್ಲಿ ಏರುಪೇರು ಮಾಡುತ್ತವೆ. ಮೇಲಿನ ಹಾರ್ಮೋನಿಕ್‌ಗಳು ಬೇಗ ಅಡಗುತ್ತವೆ, ಮೇಲಿನ ಫ್ರೆಟ್‌ಗಳಲ್ಲಿ (ಕತ್ತಿನ ಮೇಲೆ ಅಡ್ಡಲಾಗಿ ಕೂರಿಸಿದ ಲೋಹದ ಪಟ್ಟಿಗಳಲ್ಲಿ) ಶ್ರುತಿಯೂ ಸರಿಯಾಗಿ ಕೂಡುವುದಿಲ್ಲ. ಹಳೆಯ ಮತ್ತು ಹೊಸ ತಂತಿಯ ನಡುವಿನ ಈ ಅಂತರ ಎರಡು ಲೋಹಗಳ ನಡುವಿನ ಅಂತರಕ್ಕಿಂತ ಹೆಚ್ಚೆಂಬುದೇ ನನ್ನ ಅಭಿಪ್ರಾಯ. ಹೋಲಿಸುವುದಾದರೆ ಒಂದೇ ಗೇಜಿನ (ದಪ್ಪದ), ಒಂದೇ ರೀತಿಯ ಒಳತಂತಿಯ ಎರಡು ಹೊಸ ಸೆಟ್‌ಗಳನ್ನು ಹೋಲಿಸಿ. ಪಿಕಪ್ಪಿನ ಎತ್ತರವನ್ನು ಮುಟ್ಟಬೇಡಿ.

ಪ್ರಶ್ನೆ: ಅಕೌಸ್ಟಿಕ್ ಗಿಟಾರಿನ ಕಂಚಿನ ತಂತಿಗಳನ್ನು ಎಲೆಕ್ಟ್ರಿಕ್ ಗಿಟಾರಿಗೆ ಹಾಕಿದರೆ ಏನಾಗುತ್ತದೆ?

ಉತ್ತರ: ಗಿಟಾರಿಗೆ ಅಪಾಯವೇನೂ ಇಲ್ಲ, ಆದರೆ ಸಮತೋಲ ಕೆಡುತ್ತದೆ. ಕಂಚಿನಲ್ಲಿ ಹೆಚ್ಚಿನ ಪಾಲು ತಾಮ್ರ. ಅಯಸ್ಕಾಂತಕ್ಕೆ ಅದು ಇದ್ದೂ ಇಲ್ಲದಂತೆ. ಸುತ್ತಿದ ತಂತಿಗಳಲ್ಲಿ ಉಕ್ಕಿನ ಒಳತಂತಿಯೊಂದನ್ನೇ ಪಿಕಪ್ ಗ್ರಹಿಸುವುದರಿಂದ ದಪ್ಪ ತಂತಿಗಳ ದನಿ ಕುಗ್ಗುತ್ತದೆ, ಸುತ್ತಿಲ್ಲದ ಉಕ್ಕಿನ ತಂತಿಗಳು ಮಾತ್ರ ಎದ್ದು ಕೇಳುತ್ತವೆ. ನೈಲಾನ್ ತಂತಿಗಳಾದರೆ ಪಿಕಪ್ಪಿಗೆ ಏನೂ ಕೇಳಿಸುವುದಿಲ್ಲ. ಅಕೌಸ್ಟಿಕ್ ಗಿಟಾರುಗಳ ಸ್ಯಾಡಲ್ (ಒಡಲಿನ ಮೇಲೆ ತಂತಿಗಳು ಕೂರುವ ಪಟ್ಟಿ) ಅಡಿಯಲ್ಲಿ ಕೂರಿಸುವ ಪೀಜೋ ಪಿಕಪ್ ಒತ್ತಡವನ್ನು ಅಳೆಯುವುದರಿಂದ ಅದಕ್ಕೆ ಈ ತೊಂದರೆ ಇಲ್ಲ.

ಇದೇ ತತ್ವ ಇನ್ನೊಂದು ಕಡೆಯೂ ಕಾಣಿಸುತ್ತದೆ. 1954ರಲ್ಲಿ ಬಂದ ಫೆಂಡರ್ ಸ್ಟ್ರಾಟೊಕಾಸ್ಟರಿನ ಪಿಕಪ್ಪಿನಲ್ಲಿ ಪ್ರತಿ ತಂತಿಯ ಕೆಳಗಿನ ಅಯಸ್ಕಾಂತದ ಎತ್ತರ ಬೇರೆಬೇರೆಯಾಗಿತ್ತು. ಆಗ ಮೂರನೆಯ ತಂತಿಗೂ ಸುತ್ತು ಇರುತ್ತಿತ್ತು. ಅದರ ಸಣ್ಣ ಒಳತಂತಿಯ ಕ್ಷೀಣ ಸಂಕೇತವನ್ನು ಸರಿದೂಗಿಸಲು ಅಲ್ಲಿನ ಅಯಸ್ಕಾಂತವನ್ನು ಎತ್ತರಿಸಿದ್ದರು. ಆ ಮಾದರಿಯ ಪಿಕಪ್ ಮೇಲೆ ಇಂದು ಸುತ್ತಿಲ್ಲದ 0.017 ಇಂಚಿನ ತಂತಿ ಹಾಕಿದರೆ ಮೂರನೆಯದು ಉಳಿದವುಗಳನ್ನು ಮೀರಿ ಕೂಗುತ್ತದೆ. ಅದಕ್ಕೆ ತಂತಿಯ ಲೋಹವನ್ನು ಬದಲಿಸಿ ಪ್ರಯೋಜನವಿಲ್ಲ. ಮೂರನೆಯದನ್ನು ಸುತ್ತಿದ ತಂತಿಯಾಗಿ ಬದಲಿಸಬೇಕು, ಇಲ್ಲವೇ ಎತ್ತರ ಸಮನಾಗಿರುವ ಪಿಕಪ್ ಹಾಕಿಸಬೇಕು.

ಪ್ರಶ್ನೆ: ಸ್ಟೇನ್‌ಲೆಸ್ ಸ್ಟೀಲ್ ತಂತಿಗಳು ಫ್ರೆಟ್‌ಗಳನ್ನು ಸವೆಸುತ್ತವೆ ಎಂಬುದು ನಿಜವೇ? ನಾದಕ್ಕಾಗಿ ಆ ನಷ್ಟ ಸಹಿಸಬಹುದೇ?

ಉತ್ತರ: ನಿಜ. ಹೆಚ್ಚಿನ ಗಿಟಾರುಗಳ ಫ್ರೆಟ್‌ಗಳು ತಾಮ್ರ, ಸತು, ನಿಕ್ಕಲ್ ಸೇರಿದ ಮಿಶ್ರಲೋಹದವು. ಸ್ಟೇನ್‌ಲೆಸ್ ಅದಕ್ಕಿಂತ ಗಟ್ಟಿ. ತಂತಿಯನ್ನು ಎಳೆದು ಬಾಗಿಸಿ ನುಡಿಸುವವರಿಗೆ ಸವೆತ ಬೇಗ ಕಾಣಿಸುತ್ತದೆ. ಫ್ರೆಟ್‌ಗಳೂ ಸ್ಟೇನ್‌ಲೆಸ್ಸಿನವೇ ಆಗಿದ್ದರೆ ಈ ಚಿಂತೆ ಬಹುಮಟ್ಟಿಗೆ ಇಲ್ಲ. ನಾದದ ಮಟ್ಟಿಗೆ ಸುತ್ತು ತಂತಿಗಳಲ್ಲಿ ಇದು ಎಲ್ಲಕ್ಕಿಂತ ಹರಿತವಾದವುಗಳಲ್ಲಿ ಒಂದು. ತುಕ್ಕನ್ನೂ ಚೆನ್ನಾಗಿ ತಡೆಯುವುದರಿಂದ ಆ ಹರಿತ ಹೆಚ್ಚು ಕಾಲ ಉಳಿಯುತ್ತದೆ. ಬೆರಳು ಜಾರುವಾಗಿನ ಕೀರಲು ಸದ್ದೂ ಅಷ್ಟೇ ಸ್ಪಷ್ಟವಾಗಿ ಕೇಳುತ್ತದೆಂಬುದನ್ನು ಮರೆಯಬಾರದು. ಬೆವರು ಹೆಚ್ಚಿರುವವರಿಗೆ, ನಿಕ್ಕಲ್ ಸೋಕಿದರೆ ಚರ್ಮ ತುರಿಸುವವರಿಗೆ ಇದು ಯೋಚಿಸಬೇಕಾದ ಆಯ್ಕೆ. ಸ್ಟೇನ್‌ಲೆಸ್ಸಿನ ಕೆಲವು ಬಗೆಗಳಲ್ಲಿಯೂ ನಿಕ್ಕಲ್ ಇರುವುದರಿಂದ ಎರಡನೆಯ ಗುಂಪಿನವರು ತಯಾರಕರ ವಿವರ ಓದಿಕೊಂಡು ಕೊಳ್ಳಲಿ.

ಪ್ರಶ್ನೆ: ನಾನು ನುಡಿಸುವುದೆಲ್ಲ ಭಾರಿ ಡಿಸ್ಟಾರ್ಷನ್ (ನಾದವನ್ನು ಬೇಕೆಂದೇ ಒರಟಾಗಿಸುವ ಪರಿಣಾಮ) ಹಾಕಿಯೇ. ನನಗೂ ಈ ವ್ಯತ್ಯಾಸ ಮುಖ್ಯವೇ?

ಉತ್ತರ: ಅಷ್ಟಾಗಿ ಇಲ್ಲ. ಡಿಸ್ಟಾರ್ಷನ್ ತಾನೇ ಹೊಸ ಹಾರ್ಮೋನಿಕ್‌ಗಳನ್ನು ಹುಟ್ಟಿಸಿ ಜೋರು-ಮೆಲ್ಲಗಿನ ಅಂತರವನ್ನು ಅಳಿಸುತ್ತದೆ. ಜೊತೆಗೆ ಗಿಟಾರ್ ಆಂಪಿನ 12 ಇಂಚಿನ ಸ್ಪೀಕರ್ ಸುಮಾರು 5,000 ಹರ್ಟ್ಸ್‌ನಿಂದಾಚೆಗೆ ದನಿಯನ್ನು ತೀವ್ರವಾಗಿ ಇಳಿಸುತ್ತದೆ, ಉದ್ದನೆಯ ಕೇಬಲ್ ಅದಕ್ಕೂ ಮೊದಲೇ ಒಂದಿಷ್ಟನ್ನು ನುಂಗಿರುತ್ತದೆ. ಸ್ಟೇನ್‌ಲೆಸ್ಸಿಗೆ ಹಣ ಕೊಟ್ಟು ಟೋನ್ ಗುಂಡಿಯನ್ನು ಅರ್ಧಕ್ಕೆ ಇಳಿಸಿಕೊಳ್ಳುವವರೂ ಇದ್ದಾರೆ! ನಿಮ್ಮಂಥ ನುಡಿಸಾಣಿಕೆಯಲ್ಲಿ, ಅದರಲ್ಲೂ ಶ್ರುತಿಯನ್ನು ಕೆಳಗಿಳಿಸಿ ನುಡಿಸುವುದಾದರೆ, ಗೇಜ್ ಹೆಚ್ಚು ಮುಖ್ಯ: ಸಣ್ಣ ತಂತಿ ಸಡಿಲವಾಗಿ ಮೀಟಿದ ಕ್ಷಣ ಸ್ವರ ಏರಿ ಇಳಿಯುತ್ತದೆ, ದಪ್ಪನೆಯದು ಬಿಗಿಯಾಗಿ ನಿಲ್ಲುತ್ತದೆ. ಆರನೆಯ ತಂತಿಯನ್ನು 0.046ರಿಂದ 0.052 ಇಂಚಿಗೆ ಏರಿಸಿ ನೋಡಿ. ನಟ್‌ನಲ್ಲಿ (ಕತ್ತಿನ ತುದಿಯಲ್ಲಿ ತಂತಿಗಳು ಕೂರುವ ಪಟ್ಟಿಯಲ್ಲಿ) ತಂತಿ ಕೂರುವ ತೋಡು ಕಿರಿದಾಗಿದ್ದರೆ ಮೊದಲು ಅದನ್ನು ಅಗಲಿಸಿಕೊಳ್ಳಬೇಕಾದೀತು.