ಮೂರು ಬಿಂದು ಕೊಟ್ಟು ತ್ರಿಭುಜದ ವಿಸ್ತೀರ್ಣ ಕೇಳಿದರೆ ಎಲ್ಲಿಂದ ಶುರು ಮಾಡೋದು?

ಮೊದಲು ಒಂದು ಚಿತ್ರ ಬರೆದುಕೊಳ್ಳಿ, ಅಳತೆ ಸರಿ ಇಲ್ಲದಿದ್ದರೂ ಪರವಾಗಿಲ್ಲ. ಸೆಕೆಂಡ್ ಪಿಯುಸಿಯಲ್ಲಿ ತುಂಬಾ ಜನ ಸೀದಾ ಸೂತ್ರಕ್ಕೆ ಕೈ ಹಾಕಿ, ಬಿಂದುಗಳನ್ನೇ ಕ್ರಾಸ್ ಪ್ರಾಡಕ್ಟ್ (ಎರಡು ವೆಕ್ಟರ್ ಗುಣಿಸಿ ಎರಡಕ್ಕೂ ಲಂಬವಾದ ಮೂರನೇ ವೆಕ್ಟರ್ ಪಡೆಯುವುದು) ಮಾಡಿಬಿಡುತ್ತಾರೆ. ನಮಗೆ ಬೇಕಾಗಿರುವುದು ಬಿಂದು ಅಲ್ಲ, ಬಾಹು.

ಎ(1,2,3), ಬಿ(2,4,5), ಸಿ(3,2,4) ಅಂತ ಇಟ್ಟುಕೊಳ್ಳಿ. ಒಂದೇ ಮೂಲೆಯಿಂದ ಹೊರಡುವ ಎರಡು ವೆಕ್ಟರ್ ತೆಗೆಯಿರಿ. ಎಬಿ ಅಂದರೆ ಬಿಯಲ್ಲಿ ಎ ಕಳೆದರೆ (1,2,2). ಎಸಿ ಅದೇ ರೀತಿ (2,0,1). ಇವೆರಡರ ಕ್ರಾಸ್ ಪ್ರಾಡಕ್ಟ್ (2,3,−4). ಅದರ ಉದ್ದ √29. ಇದು ಎಬಿ, ಎಸಿ ಬಾಹುಗಳಾಗಿರುವ ಸಮಾಂತರ ಚತುರ್ಭುಜದ ವಿಸ್ತೀರ್ಣ, ತ್ರಿಭುಜ ಅದರಲ್ಲಿ ಅರ್ಧ ತಾನೇ, ಹಾಗಾಗಿ ಉತ್ತರ √29/2 ಚದರ ಮಾನ. ಈ ಅರ್ಧವನ್ನು ಮರೆತು ಮಾರ್ಕ್ಸ್ ಕಳೆದುಕೊಳ್ಳುವವರು ಜಾಸ್ತಿ.

ಇನ್ನೊಂದು ಕಡೆ ಎಡವೋದು ನಡುವಿನ ಘಟಕದಲ್ಲಿ, ಅಲ್ಲಿ ಚಿಹ್ನೆ ಬದಲಾಗಬೇಕು: −(1×1 − 2×2) = 3. ಸರಿ ಬಂತಾ ಅಂತ ನೋಡೋಕೆ ಅರ್ಧ ನಿಮಿಷ ಸಾಕು. ಕ್ರಾಸ್ ಪ್ರಾಡಕ್ಟ್ ಎರಡೂ ಬಾಹುಗಳಿಗೆ ಲಂಬ, ಅಲ್ವಾ? ಹಾಗಾದರೆ ಡಾಟ್ ಪ್ರಾಡಕ್ಟ್ (ಒಂದೇ ಸ್ಥಾನದ ಘಟಕಗಳನ್ನು ಗುಣಿಸಿ ಕೂಡಿಸಿದ್ದು) ಸೊನ್ನೆ ಬರಲೇಬೇಕು. ಎಬಿ ಜೊತೆ 2+6−8 = 0, ಎಸಿ ಜೊತೆ 4+0−4 = 0. ದಯವಿಟ್ಟು ಎರಡನ್ನೂ ನೋಡಿ, ಒಂದನ್ನೇ ನೋಡಿ ಬಿಡಬೇಡಿ. ನೀವು ತಪ್ಪಿ −3 ಬರೆದಿದ್ದರೆ ಎಸಿ ಜೊತೆ ಆಗಲೂ ಸೊನ್ನೆಯೇ ಬರುತ್ತದೆ, ಯಾಕೆಂದರೆ ಎಸಿಯ ನಡುವಿನ ಸಂಖ್ಯೆಯೇ 0. ಎಬಿ ಜೊತೆ ಮಾಡಿದರೆ ಮಾತ್ರ −12 ಬಂದು ತಪ್ಪು ಸಿಕ್ಕಿಬೀಳುತ್ತದೆ.