ಇಳಕಲ್ ಸೀರೆ ಅಂಗಡಿಯ ಪುಟಕ್ಕೆ ಲೈಕ್ ಬರುತ್ತವೆ, ಗಿರಾಕಿಗಳು ಬರುವುದಿಲ್ಲ. ಏನು ಮಾಡಬೇಕು?

ದಿನವೂ ಇನ್‌ಸ್ಟಾಗ್ರಾಂನಲ್ಲಿ ಸೀರೆಗಳ ಫೋಟೊ ಹಾಕುತ್ತೀರಿ, ಫೇಸ್‌ಬುಕ್‌ನಲ್ಲಿ ಪೋಸ್ಟ್ ಹೆಚ್ಚು ಜನರಿಗೆ ಕಾಣಲೆಂದು ಆಗಾಗ ಹಣ ಕಟ್ಟಿ ಬೂಸ್ಟ್ ಮಾಡಿಸುತ್ತೀರಿ, ಆದರೂ ವ್ಯಾಪಾರ ಊರಿನ ಗಿರಾಕಿಗಳನ್ನು ದಾಟುತ್ತಿಲ್ಲ, ಎಲ್ಲವನ್ನೂ ಏಜೆನ್ಸಿಗೆ ವಹಿಸಿಬಿಡಲೇ ಎಂದು ಕೇಳಿದ್ದೀರಿ. ಬಾಗಲಕೋಟೆ ಭಾಗದ ಕೈಮಗ್ಗದ ಮಾರಾಟಗಾರರ ಪುಟಗಳನ್ನು ನೋಡಿಕೊಳ್ಳುವುದೇ ನನ್ನ ಕೆಲಸವಾದ್ದರಿಂದ ಸ್ವಲ್ಪ ವಿವರವಾಗಿ ಉತ್ತರಿಸುತ್ತೇನೆ. ಏಜೆನ್ಸಿಯ ಮಾತು ಆಮೇಲೆ.

ಇಳಕಲ್ ಸೀರೆಯನ್ನು ಫೋನಿನಲ್ಲಿ ನೋಡುವವರಿಗೆ ಆಸೆಯ ಕೊರತೆಯಿಲ್ಲ. ಅವರನ್ನು ತಡೆಯುವುದು ಅನುಮಾನ. ಇದು ಕೈಮಗ್ಗದ್ದೋ, ಪವರ್‌ಲೂಮ್‌ನದೋ? ಸೆರಗು ರೇಷ್ಮೆಯೋ, ಆರ್ಟ್ ಸಿಲ್ಕ್ ಎಂಬ ಕೃತಕ ರೇಷ್ಮೆಯೋ? ಕಾಣುವ ಬಣ್ಣವೇ ಬರುತ್ತದೆಯೇ? ಹಣ ಕಳಿಸಿದ ಮೇಲೆ ಸೀರೆ ಬಾರದಿದ್ದರೆ? ಅಂಗಡಿಗೆ ಬಂದವರು ಸೆರಗನ್ನು ಬೆರಳಲ್ಲಿ ಉಜ್ಜಿ ನೋಡುತ್ತಾರೆ, ಬಾಗಿಲ ಬಳಿ ಒಯ್ದು ಬೆಳಕಿಗೆ ಹಿಡಿಯುತ್ತಾರೆ, ನಾಲ್ಕು ಪ್ರಶ್ನೆ ಕೇಳುತ್ತಾರೆ. ಪುಟ ನೋಡುವವರಿಗೆ ಇದಾವುದೂ ಸಾಧ್ಯವಿಲ್ಲ. ಹಾಗಾಗಿ ಒಂದೊಂದು ಪೋಸ್ಟ್ ಒಂದೊಂದು ಅನುಮಾನವನ್ನು ಕಳೆಯುವಂತಿರಲಿ. ಗೊಂಬೆಗೆ ಉಡಿಸಿದ ಸೀರೆ, ಮೇಲೊಂದು ‘ಶುಭೋದಯ’ ಎನ್ನುವ ಚಿತ್ರ ಯಾರ ಅನುಮಾನವನ್ನೂ ಕಳೆಯುವುದಿಲ್ಲ. ಅಂಥವನ್ನು ದಿನಕ್ಕೊಂದು ಹಾಕುವುದಕ್ಕಿಂತ ವಾರಕ್ಕೆ ಎರಡು ಮೂರು ಗಟ್ಟಿ ವಿಡಿಯೊ ಹಾಕುವುದು ಮೇಲು.

ಏನು ತೋರಿಸಬೇಕು? ನಿಮ್ಮ ಕೈಯಲ್ಲಿ ಇಳಕಲ್ ಸೀರೆಯ ಗುರುತೇ ಆದ ಒಂದು ವಿಷಯವಿದೆ, ಕೊಂಡಿ. ಇಳಕಲ್ ಸೀರೆಯಲ್ಲಿ ಒಡಲಿನ ಹಾಸು, ಅಂದರೆ ಮಗ್ಗದ ಉದ್ದಕ್ಕೆ ಹಾಸುವ ಎಳೆಗಳು, ಬೇರೆ, ಸೆರಗಿನ ಹಾಸು ಬೇರೆ. ನೇಕಾರರು ಎರಡರ ಎಳೆಗಳನ್ನೂ ಕುಣಿಕೆಗೆ ಕುಣಿಕೆ ಸಿಕ್ಕಿಸಿ ಜೋಡಿಸುತ್ತಾರೆ. ಪ್ರತಿ ಸೀರೆಗೂ ಈ ಕೆಲಸ ಹೊಸದಾಗಿ ಆಗಬೇಕು. ಮಗ್ಗದ ಮನೆಗೆ ಹೋಗಿ, ಫೋನನ್ನು ಕೈಗೆ ತೀರ ಹತ್ತಿರ ಹಿಡಿದು, ಆ ಬೆರಳುಗಳನ್ನಷ್ಟೇ ಅರ್ಧ ನಿಮಿಷ ಚಿತ್ರೀಕರಿಸಿ. ಮುಂದಿನ ದೃಶ್ಯದಲ್ಲಿ ಮುಗಿದ ಸೀರೆಯ ಒಳಬದಿಯನ್ನು ತಿರುಗಿಸಿ, ಒಡಲು ಮುಗಿದು ಸೆರಗು ಶುರುವಾಗುವ ಗೆರೆಯನ್ನು ತೋರಿಸಿ. ಕೆಂಪಿನ ನಡುವೆ ಬಿಳಿ ಬರುವ ಟೋಪ್ ತೆನಿ ಸೆರಗನ್ನು ಜನ ನೋಡಿರುತ್ತಾರೆ, ಅದು ಒಡಲಿಗೆ ಹೇಗೆ ಕೂಡಿಕೊಂಡಿದೆ ಎಂದು ಬಹಳ ಜನ ನೋಡಿಲ್ಲ. ಹಿನ್ನೆಲೆಗೆ ಸಿನಿಮಾ ಹಾಡು ಬೇಡ. ವ್ಯಾಪಾರದ ಖಾತೆಗೆ ಎಷ್ಟೋ ಜನಪ್ರಿಯ ಹಾಡುಗಳು ಸಿಗುವುದಿಲ್ಲ, ಹಕ್ಕುಸ್ವಾಮ್ಯದ ತಕರಾರಿಗೆ ವಿಡಿಯೊ ಸದ್ದಿಲ್ಲದೆ ಉಳಿಯುವುದೂ ಉಂಟು. ಮಗ್ಗದ ಸದ್ದೇ ಸಾಕು.

ಇದೇ ರೀತಿ ಇನ್ನೊಂದು. ಸೆರಗಿನ ಕುಚ್ಚಿನಿಂದ ಒಂದು ಎಳೆ ತೆಗೆದು ಸುಟ್ಟು ತೋರಿಸಿ. ಅಪ್ಪಟ ರೇಷ್ಮೆ ಕೂದಲು ಸುಟ್ಟ ವಾಸನೆ ಕೊಟ್ಟು, ಮುಟ್ಟಿದರೆ ಪುಡಿಯಾಗುವ ಕರಿಯನ್ನು ಉಳಿಸುತ್ತದೆ. ವಿಸ್ಕೋಸ್‌ನಿಂದಾದ ಆರ್ಟ್ ಸಿಲ್ಕ್ ಕಾಗದದಂತೆ ಉರಿಯುತ್ತದೆ. ನಿಮ್ಮಲ್ಲಿ ಎರಡೂ ಇದ್ದರೆ ಎರಡನ್ನೂ ಪಕ್ಕಪಕ್ಕದಲ್ಲಿ ಸುಟ್ಟು, ಎರಡರ ಬೆಲೆಯನ್ನೂ ಹೇಳಿ. ಆರ್ಟ್ ಸಿಲ್ಕ್ ಮಾರುವುದು ತಪ್ಪಲ್ಲ, ಅದನ್ನು ರೇಷ್ಮೆ ಎಂದು ಮಾರುವುದು ತಪ್ಪು. ಈ ವ್ಯತ್ಯಾಸವನ್ನು ಬಾಯಿಬಿಟ್ಟು ಹೇಳುವ ಅಂಗಡಿಯನ್ನು ಜನ ನಂಬುತ್ತಾರೆ, ನೆಂಟರಿಗೂ ಹೇಳುತ್ತಾರೆ.

ಬಣ್ಣದ ವಿಷಯದಲ್ಲಿ ಫಿಲ್ಟರ್ ಮುಟ್ಟಲೇಬೇಡಿ. ದಾಳಿಂಬೆ ಕೆಂಪು ಅಂಗಡಿಯ ದೀಪದಡಿ ಒಂದು ಬಗೆ, ಬಿಸಿಲಿನಲ್ಲಿ ಇನ್ನೊಂದು ಬಗೆ. ಬೆಳಗ್ಗೆ ಬಾಗಿಲ ಹತ್ತಿರದ ನೆರಳಿನಲ್ಲಿ ತೆಗೆದ ಫೋಟೊ ನಿಜಕ್ಕೆ ಹತ್ತಿರವಿರುತ್ತದೆ.

ಇನ್ನು ನಿಮ್ಮ ಪೋಸ್ಟ್‌ಗಳ ಕೆಳಗಿರುವ ‘ಬೆಲೆಗೆ ಇನ್‌ಬಾಕ್ಸ್ ಮಾಡಿ’ ಎಂಬ ಸಾಲು. ದಯವಿಟ್ಟು ಅದನ್ನು ಇಂದೇ ತೆಗೆದುಹಾಕಿ. ಬೆಲೆ ಕೇಳಲು ಸಂಕೋಚಪಡುವ ಗೃಹಿಣಿಯರನ್ನು ಆ ಒಂದು ಸಾಲು ಹೊರಗೆ ನಿಲ್ಲಿಸುತ್ತದೆ. ಬೆಲೆ, ಉದ್ದ, ರವಿಕೆ ಬಟ್ಟೆ ಇದೆಯೋ ಇಲ್ಲವೋ, ಅಂಚೆ ಖರ್ಚು, ಒಪ್ಪಿಗೆಯಾಗದಿದ್ದರೆ ಬದಲಾಯಿಸಿ ಕೊಡುತ್ತೀರೋ ಇಲ್ಲವೋ, ಎಲ್ಲವನ್ನೂ ಅಲ್ಲೇ ಬರೆಯಿರಿ. ಪಕ್ಕದ ಅಂಗಡಿಯವರು ಬೆಲೆ ನೋಡಿಕೊಳ್ಳುತ್ತಾರೆ ಎಂಬ ಭಯ ಬೇಡ, ಅವರಿಗೆ ನಿಮ್ಮ ಬೆಲೆ ಈಗಾಗಲೇ ಗೊತ್ತಿರುತ್ತದೆ.

ಮಾರಾಟ ಕುದುರುವ ಜಾಗ ವಾಟ್ಸ್‌ಆ್ಯಪ್. ಸಾದಾ ಆ್ಯಪ್ ಬಿಟ್ಟು ವಾಟ್ಸ್‌ಆ್ಯಪ್ ಬಿಸಿನೆಸ್ ಹಾಕಿಕೊಳ್ಳಿ, ಉಚಿತವೇ. ಅದರ ಕ್ಯಾಟಲಾಗ್‌ನಲ್ಲಿ ಚಿಕ್ಕಿ ಪರಾಸ, ಗೋಮಿ ಎಂದು ದಡಿಯ ಪ್ರಕಾರ ಸೀರೆಗಳನ್ನು ಜೋಡಿಸಿಡಿ. ಪದೇಪದೇ ಬರುವ ಪ್ರಶ್ನೆಗಳಿಗೆ ಸಿದ್ಧ ಉತ್ತರ ಇಟ್ಟುಕೊಳ್ಳಿ, ಆದರೆ ಮೊದಲ ಸಾಲಿನಲ್ಲಿ ಕೇಳಿದವರ ಹೆಸರಿರಲಿ. ಸಂಜೆ ಕೇಳಿದವರಿಗೆ ಮರುದಿನ ಉತ್ತರಿಸಿದರೆ ಅಷ್ಟರಲ್ಲಿ ಅವರು ಬೇರೆ ಪುಟದಲ್ಲಿ ಕೊಂಡಿರುತ್ತಾರೆ. ಇನ್ನೊಂದು ಸೂಕ್ಷ್ಮವಿದೆ: ಒಂದೇ ಸಲ ಹಲವರಿಗೆ ಕಳಿಸುವ ಬ್ರಾಡ್‌ಕಾಸ್ಟ್ ಪಟ್ಟಿಯ ಸಂದೇಶ ನಿಮ್ಮ ಸಂಖ್ಯೆಯನ್ನು ಉಳಿಸಿಕೊಂಡವರಿಗಷ್ಟೇ ತಲುಪುತ್ತದೆ. ಆದ್ದರಿಂದ ಪ್ರತಿ ಪಾರ್ಸೆಲ್‌ನಲ್ಲೂ ‘ಈ ಸಂಖ್ಯೆಯನ್ನು ಉಳಿಸಿಕೊಳ್ಳಿ, ಹೊಸ ಸೀರೆ ಬಂದಾಗ ತಿಳಿಸುತ್ತೇವೆ’ ಎಂಬ ಚೀಟಿ ಇಡಿ.

ಬೂಸ್ಟ್ ಗುಂಡಿಗೆ ನೀವು ಸುರಿದ ಹಣ ಎಲ್ಲಿ ಹೋಯಿತು? ಲೈಕ್, ಕಮೆಂಟ್ ಹೆಚ್ಚಿಸುವ ಗುರಿ ಆಯ್ದರೆ ಫೇಸ್‌ಬುಕ್ ಲೈಕ್ ಒತ್ತುವ ಅಭ್ಯಾಸದವರನ್ನೇ ಹುಡುಕಿ ತರುತ್ತದೆ. ಕೊಳ್ಳುವವರು ಬೇರೆ. ಫೇಸ್‌ಬುಕ್‌ನ ಜಾಹೀರಾತು ನಿರ್ವಹಿಸುವ ಆ್ಯಡ್ಸ್ ಮ್ಯಾನೇಜರ್‌ಗೆ ಹೋಗಿ, ಒತ್ತಿದರೆ ನೇರ ವಾಟ್ಸ್‌ಆ್ಯಪ್ ತೆರೆಯುವ ಜಾಹೀರಾತನ್ನು ಆರಿಸಿ. ಹೊಸ ಪೋಸ್ಟ್‌ಗೆ ಹಣ ಹಾಕಬೇಡಿ. ಹಣವಿಲ್ಲದೆಯೇ ಬೆಲೆ ವಿಚಾರಿಸಿದ ಸಂದೇಶಗಳನ್ನು ತಂದ ವಿಡಿಯೊಗೆ ಮಾತ್ರ, ಸಣ್ಣ ಮೊತ್ತದಿಂದ ಶುರುಮಾಡಿ. ಲೆಕ್ಕ ಇಡಬೇಕಾದದ್ದು ಎಷ್ಟು ಜನ ನೋಡಿದರು ಎಂಬುದನ್ನಲ್ಲ, ಎಷ್ಟು ಜನ ವಿಚಾರಿಸಿದರು, ಅವರಲ್ಲಿ ಎಷ್ಟು ಜನ ಕೊಂಡರು ಎಂಬುದನ್ನು.

ಊರುಗಳ ಆಯ್ಕೆಯಲ್ಲಿ ಬೆಂಗಳೂರು, ಹುಬ್ಬಳ್ಳಿಗಳ ಜೊತೆ ಸೊಲ್ಲಾಪುರ, ಕೊಲ್ಲಾಪುರ, ಪುಣೆಗಳನ್ನೂ ಸೇರಿಸಿ. ಮಹಾರಾಷ್ಟ್ರದಲ್ಲಿ ಇಳಕಲ್ ಸೀರೆ ಉಡುವವರು ಹಿಂದಿನಿಂದಲೂ ಇದ್ದಾರೆ, ಅವರಿಗಾಗಿ ಮರಾಠಿಯಲ್ಲೊಂದು ಸಾಲು ಬರೆಯಿಸಿ. ನಾಗಪಂಚಮಿ, ಗಣೇಶ ಚೌತಿ, ಎಳ್ಳಮಾವಾಸ್ಯೆಯ ಚರಗ, ನವೆಂಬರ್‌ನ ರಾಜ್ಯೋತ್ಸವ ಇವೆಲ್ಲ ನಿಮ್ಮ ಹಂಗಾಮು. ವಿಡಿಯೊ ಹಬ್ಬದ ದಿನ ಬಂದರೆ ಪ್ರಯೋಜನವಿಲ್ಲ. ಸೀರೆ ತಲುಪಿ, ರವಿಕೆ ಹೊಲಿಸಿಕೊಳ್ಳಲು ಸಮಯ ಸಿಗುವಂತೆ ಮೂರು ನಾಲ್ಕು ವಾರ ಮೊದಲೇ ಬರಲಿ. ಜೊತೆಗೆ ರವಿಕೆಗೆ ಬಳಸುವ ಗುಳೇದಗುಡ್ಡ ಖಣ ತೋರಿಸಿದರಂತೂ ಗಿರಾಕಿಗಳು ತಾವಾಗಿಯೇ ಜೋಡಿ ಕೇಳುತ್ತಾರೆ.

ಈಗ ಏಜೆನ್ಸಿ. ಜಾಹೀರಾತು ನಡೆಸಲು, ವಿಡಿಯೊ ಕತ್ತರಿಸಿ ಜೋಡಿಸಲು ಅವರ ನೆರವು ಪಡೆಯಬಹುದು. ಗಿರಾಕಿಗಳಿಗೆ ಉತ್ತರಿಸುವುದನ್ನು ಮಾತ್ರ ಬಿಟ್ಟುಕೊಡಬೇಡಿ. ಒಡಲಿನ ನೂಲು ಯಾವುದು ಎಂದು ಕೇಳಿದರೆ ಅವರು ಏನು ಹೇಳಿಯಾರು? ‘ಹತ್ತು ಸಾವಿರ ಫಾಲೋವರ್ ಕೊಡಿಸುತ್ತೇವೆ’ ಎಂದು ಮಾತು ಶುರುಮಾಡುವವರನ್ನು ಅಲ್ಲೇ ಬಿಡಿ. ಪುಟದ ಪೂರ್ಣ ನಿಯಂತ್ರಣ, ಜಾಹೀರಾತು ಖಾತೆ, ಅದಕ್ಕೆ ಕೊಟ್ಟ ಮೊಬೈಲ್ ಸಂಖ್ಯೆ ನಿಮ್ಮ ಹೆಸರಿನಲ್ಲೇ ಇರಲಿ, ಅವರಿಗೆ ಕೆಲಸಕ್ಕೆ ಬೇಕಾದಷ್ಟು ಅನುಮತಿ ಕೊಟ್ಟರೆ ಸಾಕು. ಒಪ್ಪಂದ ಮೂರು ತಿಂಗಳಿಗೆ ಮೀರುವುದು ಬೇಡ, ಪ್ರತಿ ತಿಂಗಳೂ ಅವರಿಂದ ಪಡೆಯುವ ವರದಿಯಲ್ಲಿ ಮೊದಲ ಸಾಲು ಎಷ್ಟು ಸೀರೆ ಮಾರಾಟವಾಯಿತು ಎಂಬುದೇ ಆಗಿರಲಿ.